ಬಿಳಿ ಕಣ್ಣಿಗೆ ಹೊಡೆಯುತ್ತದೆ

ದರ್ಜಿಯ ಬಾಳೇ ಹೀಗೆ. ಊರಿನ ಮಾನ ಹೊಲಿಯುವವರೂ ನಾವೇ, ಅದು ಹರಿಯುವುದನ್ನು ಹತ್ತಿರದಿಂದ ನೋಡುವವರೂ ನಾವೇ. ನಿಜಾಮರ ಆಳ್ವಿಕೆ ಮುಗಿಯುತ್ತ ಬಂದ ಕಾಲದಲ್ಲಿ ಹೈದರಾಬಾದಿನ ಸಿನಿಮಾದವರು ಸುರಪುರಕ್ಕೆ ಬಂದು ನನಗೆ ಅರಿವೆಯ ಕೆಲಸ ಕೊಟ್ಟರು. ಆ ಚಳಿಗಾಲ ನಕ್ಕದ್ದಕ್ಕಿಂತ ಹೊಟ್ಟೆ ಉರಿದುಕೊಂಡದ್ದೇ ಹೆಚ್ಚು.

ಹಳೇ ಅರಿವೆ

ಮಿರುಗುವ ಬಣ್ಣ ಬೇಡ, ಎಲ್ಲ ಬೂದಿ, ಮಣ್ಣು, ಮಾಸಲು ಇರಲಿ ಎಂದು ಡೈರೆಕ್ಟರನ ಹುಕುಂ. ನಾನೂ ನನ್ನ ವಿಧವೆ ತಂಗಿಯೂ ಹೊಸ ಅರಿವೆಯನ್ನು ಚಹಾದ ನೀರಿನಲ್ಲಿ ಅದ್ದಿ ಅದ್ದಿ ಸೋತೆವು. ಕಡೆಗೆ ಆತ ಕೂಲಿಯವರ ಹಳೇ ಅರಿವೆಯನ್ನೇ ತರಿಸಿ ನಟರಿಗೆ ಉಡಿಸಿದ. ಮರುದಿನ ಗುಂಪಿನಲ್ಲಿ ನಿಲ್ಲಲು ಬಂದ ಕೂಲಿಯವರು ಉಟ್ಟಿದ್ದು ಪೆಟ್ಟಿಗೆಯಲ್ಲಿದ್ದ ಮದುವೆಯ ಅರಿವೆ. ನನಗೆ ಬಡವರು ಬೇಕು ಎಂದು ಡೈರೆಕ್ಟರ ರೇಗಿದ. ಒಬ್ಬ ಮುದುಕ ಕೈಮುಗಿದ.

"ನಮ್ಮ ಬಡತನ ನಿನ್ನೆನೇ ಒಯ್ದೀರಲ್ರಿ, ಸಾಹೇಬ್ರ."

ಕೆಂಪು ರುಮಾಲು

ಶಹಾಪುರ ಕಡೆಯ ಜಮೀನ್ದಾರನೊಬ್ಬ ತಾನೂ ಫಿಲಮ್ಮಿನಲ್ಲಿ ಬರಬೇಕೆಂದು ಕೆಂಪು ರುಮಾಲು ಸುತ್ತಿಕೊಂಡು ಬಂದ. ಈ ಕಪ್ಪು ಬಿಳುಪು ಫಿಲಮ್ಮಿನಲ್ಲಿ ಕೆಂಪು ಕರ್ರಗೆ ಬೀಳುತ್ತದೆ ಎಂದೆ. "ಯಾರ ಹುಕುಂ ಅದು?" ಎಂದು ಗದರಿದ. ಬಿಸಿಲಿನದು ಎಂದೆ. ಬಿಸಿಲಿಗೆ ದಂಡ ಹಾಕಲು ಬರುವುದಿಲ್ಲವಲ್ಲ, ಮನೆಮಂದಿಯ ಅರಿವೆಯನ್ನೆಲ್ಲ ಬಿಟ್ಟಿಯಾಗಿ ಹೊಲಿದುಕೊಡು ಎಂದು ನನಗೇ ಹಾಕಿದ.

ತೆಳು ಹಸಿರು

ತಿಂಥಣಿಯ ಹೊಳೆ ದಂಡೆಯಲ್ಲಿ ಜನ ಹರಿಗೋಲು ಕಾಯುವ ದೃಶ್ಯ. ಹೆಂಗಸರು ಸಾಲದೆ ತಂಗಿಯನ್ನೂ ಕರೆದರು. ಅವಳಿದ್ದದ್ದು ಭಾವನ, ಅಂದರೆ ಗಂಡನ ಅಣ್ಣನ ಮನೆಯಲ್ಲಿ, ಸಣ್ಣ ಮಗಳನ್ನು ಕಟ್ಟಿಕೊಂಡು. ಅವನ ಎತ್ತುಗಳೂ ಸಿನಿಮಾಕ್ಕೆ ಹೊರಟಿದ್ದವು, ಹಾಗಾಗಿ ಬೇಡವೆನ್ನಲಿಲ್ಲ. ಕರಾರು ಮಾತ್ರ ಹಾಕಿದ.

"ಬಿಳೀದು ಬಿಟ್ಟು ಬ್ಯಾರೆ ಉಟ್ರ, ತಾಯಿ ಮಗಳು ಈ ಮನಿ ಹೊಸ್ತಿಲಾ ತುಳಿಯೂ ಹಂಗಿಲ್ಲ."

ಹೊಳೆಯ ಬಳಿ ಡೈರೆಕ್ಟರ ಅವಳನ್ನು ನೋಡಿದವನೇ, ಬಿಳಿ ಬೇಡ, ಕಣ್ಣಿಗೆ ಹೊಡೆಯುತ್ತದೆ ಎಂದು ತೆಳು ಹಸಿರು ಸೀರೆ ಎತ್ತಿ ಕೊಟ್ಟ. ಅದನ್ನು ಬಣ್ಣಕ್ಕೆ ಅದ್ದಿದ ಕೈ ಅವಳದೇ. ಬೇಡವ್ವ ಎಂದೆ.

"ಒಂದ ಹೊತ್ತು ಉಡ್ತೀನಣ್ಣ," ಎಂದಳು.

ಉಟ್ಟು ನಿಂತಳು. ನನಗೆ ಅಳು ಬಂತು. ಎತ್ತಿನ ಹಿಂದೆ ಭಾವ ಬಂದಿರಲಿಲ್ಲ, ಸಂಜೆ ಮತ್ತೆ ಬಿಳಿ ಉಟ್ಟೇ ಮನೆಗೆ ಹೋದಳು.

ಮುಂದೆ ಆ ಸಿನಿಮಾ ಯಾದಗಿರಿಯ ಡೇರೆಗೆ ಬಂತು. ಎತ್ತು ನೋಡಲೆಂದು ಅವಳ ಭಾವ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದ. ನಾನೂ ಹೋದೆ, ತಾಯಿ ಮಗಳಿಬ್ಬರನ್ನೂ ನನ್ನ ಮನೆಗೆ ಒಯ್ಯಲು ತಯಾರಾಗಿಯೇ. ದಂಡೆಯ ದೃಶ್ಯ ಬಂತು. ಪರದೆಯ ಮೇಲೆ ಆ ತೆಳು ಹಸಿರು ಅಚ್ಚ ಬಿಳಿಯಾಗಿತ್ತು. ಉಳಿದವರೆಲ್ಲ ಬೂದಿ. ಭಾವ ಎದ್ದೇ ನಿಂತ.

"ನೋಡ್ರಿ, ಅಷ್ಟ ಮಂದ್ಯಾಗ ನಮ್ಮ ಮನಿ ಹೆಣ್ಮಗಳೊಬ್ಬಾಕಿನೇ ಬೆಳ್ಳಗ ನಿಂತಾಳ. ಮರ್ಯಾದಿ ಅಂದ್ರ ಇದು."

ತಂಗಿ ನನ್ನ ಮುಖ ನೋಡಿದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭುಜ ಕುಲುಕುತ್ತಿತ್ತು. ಭಾವನ ಹೆಂಡತಿ ಅವಳ ಬೆನ್ನು ಸವರಿದಳು.

"ಅಳಬ್ಯಾಡವ್ವ. ಸತ್ತಾವ ತಿರುಗಿ ಬರ್ತಾನೇನು?"