ಹನ್ನೊಂದು ಮನೆ ಖಾಲಿ

ಅನಾಹುತ ಶುರುವಾದದ್ದು ಒಂದು ‘ಸ್ವಾಗತ’ದಿಂದ.

ನೀರು ಸರಬರಾಜು ಕಚೇರಿಯ ಪಂಪ್‌ಹೌಸಿನಲ್ಲಿ ಬಟ್ಟೆ ಕಪಾಟಿನಷ್ಟು ಎತ್ತರದ ಹಳೆಯ ಕಂಪ್ಯೂಟರೊಂದಿತ್ತು. ಟ್ಯಾಂಕಿನ ಮಟ್ಟ ನೋಡಿಕೊಂಡು, ಯಾವ ಬೀದಿಯ ವಾಲ್ವನ್ನು ಯಾವಾಗ ತೆರೆಯಬೇಕೋ ತೆರೆದು, ಯಾವಾಗ ಮುಚ್ಚಬೇಕೋ ಮುಚ್ಚುತ್ತ ಮೂವತ್ತೊಂದು ವರ್ಷ ಊರಿಗೆ ನೀರು ಕುಡಿಸಿತ್ತು. ಅದರ ನೆನಪಿನಲ್ಲಿ ಇದ್ದದ್ದು ನಾಲ್ಕು ಸಾವಿರದ ತೊಂಬತ್ತಾರು ಮನೆ. ಮನೆಗೊಂದು ಸಂಖ್ಯೆಯ ವಾಸ. ಸಂಸಾರ ತೂಗಿಸುವ ಆಪರೇಟಿಂಗ್ ಸಿಸ್ಟಂ ಮತ್ತು ಅದರ ಕೆಲಸ ಕಾರ್ಯ ಎಲ್ಲ ಹಿಡಿಸಿಯೂ ಹನ್ನೊಂದು ಮನೆ ಖಾಲಿ ಉಳಿಯುತ್ತಿತ್ತು. ಆ ಹನ್ನೊಂದು ಮನೆಯ ಬಗ್ಗೆ ಆಪರೇಟರಿಗಿದ್ದ ಹೆಮ್ಮೆ ಹನ್ನೊಂದು ಬಂಗಲೆಯ ಒಡೆಯನಿಗೂ ಇದ್ದಿರಲಾರದು.

ಬೆಳಗ್ಗೆ ಮಗುವಿನ ಬೆನ್ನು ತಟ್ಟುವವನ ಹಾಗೆ ಅದರ ಸ್ವಿಚ್ಚುಗಳನ್ನು ಒಂದೊಂದಾಗಿ ತಟ್ಟಿ, ತೂತು ಕೊರೆದ ಕಾಗದದ ಟೇಪು ಓದಿಸಿ ಎಬ್ಬಿಸುವುದು ಅವನ ಕೆಲಸ. ಹಾಗಾಗಿ ಕಚೇರಿಗೆಲ್ಲ ಅವನು ಸ್ವಿಚ್ಚಪ್ಪ.

ಅವತ್ತು ನಾಲ್ಕು ಗಂಟೆಗೆ ಪ್ರಧಾನ ಕಚೇರಿಯಿಂದ ಪರಿಶೀಲನಾಧಿಕಾರಿ ಬರುವವರಿದ್ದರು. ಯಂತ್ರ ಹಳತಾಯಿತೆಂದು ಅವರಿಗೆ ಅನ್ನಿಸಿದರೆ ಸೋಮವಾರ ಗುಜರಿಯವನ ಸುತ್ತಿಗೆಗೆ ಬಲಿ. ಸ್ವಿಚ್ಚಪ್ಪ ಬೆಳಗಿನಿಂದ ಮೂರು ಸಲ ಅದರ ಧೂಳು ಒರೆಸಿದ್ದ.

ಮ್ಯಾನೇಜರು ಬಾಗಿಲಲ್ಲಿ ಇಣುಕಿದರು. “ಸ್ವಿಚ್ಚಪ್ಪನವರೇ, ಬಂದವರಿಗೆ ಒಂದು ‘ಸ್ವಾಗತ’ ಅಂತಾದ್ರೂ ಪ್ರಿಂಟ್ ಮಾಡ್ಲಿ ಇದು. ಮದುವೆಗೆ ಬಂದ ಮೂಗನ ಹಾಗೆ ನಿಂತ್ಕೊಂಡ್ರೆ ಯಾರು ಉಳಿಸ್ಕೋತಾರೆ?”

“ಸಾರ್, ಅದಕ್ಕೆ ಇಪ್ಪತ್ತು ಮನೆ ಬೇಕು. ನನ್ಹತ್ರ ಇರೋದು ಹನ್ನೊಂದು.”

“ಒಂಬತ್ತು ತಾನೆ? ಯಾರನ್ನಾದ್ರೂ ಒಕ್ಕಲೆಬ್ಬಿಸಿ.”

ಟೇಪು ಹರಿದರೆ ಎರಡು ಸಲ ಗಂಟೆ ಬಾರಿಸುವ ಏರ್ಪಾಡಿತ್ತು. ಒಂದೇ ಸಲ ಸಾಕೆಂದು ಸ್ವಿಚ್ಚಪ್ಪ ಒಂಬತ್ತು ಮನೆ ಬಿಡಿಸಿದ. ಒಮ್ಮೆ ಒಕ್ಕಲೆಬ್ಬಿಸಿದ ಸುದ್ದಿ ಹರಡಿದ ಮೇಲೆ ಬಾಡಿಗೆಗೆ ಕೇಳುವವರಿಗೆ ಬರವೇ?

ಹೆಡ್ ಕ್ಲರ್ಕ್ ಬಂದರು. “ತಾರೀಕು ಬರಲ್ವೇನಪ್ಪಾ ಇದರಲ್ಲಿ?”

“ಅಕ್ಕಾ, ವಾಲ್ವಿಗೆ ತಾರೀಕು ಯಾತಕ್ಕೆ?”

“ವಾಲ್ವಿಗಲ್ಲ, ನಮ್ಮ ಮರ್ಯಾದೆಗೆ. ತಾರೀಕಿಲ್ಲದ ಕಾಗದಾನ ನಾನು ಇಪ್ಪತ್ತಾರು ವರ್ಷದಲ್ಲಿ ಮುಟ್ಟಿಲ್ಲ.”

ತಾರೀಕೆಂದರೆ ತಿಂಗಳು, ತಿಂಗಳೆಂದರೆ ಫೆಬ್ರವರಿ. ಫೆಬ್ರವರಿಯೊಂದೇ ನಲವತ್ತು ಮನೆ ನುಂಗಿ ತೇಗಿತು.

ಆಮೇಲೆ ಸ್ಟೋರ್‌ಕೀಪರ್. “ಅಣ್ಣಾ, ಪಾಸ್‌ವರ್ಡ್ ಇಲ್ಲದ ಕಂಪ್ಯೂಟರಾ? ಚಿಲಕ ಇಲ್ಲದ ಬಚ್ಚಲುಮನೆ ಇದ್ದ ಹಾಗೆ!” ಪಾಸ್‌ವರ್ಡ್ ಬಂತು. ಮರೆತವರಿಗೆ ಸಲಹೆ ಬಂತು. ಸಲಹೆ ಅರ್ಥವಾಗದವರಿಗೆ ಇನ್ನೊಂದು ಸಲಹೆ ಬಂತು. “ಹಾಗೇ ನಕ್ಷತ್ರ ಚಿಹ್ನೆ ಜೋಡಿಸಿ ಒಂದು ಟ್ಯಾಂಕಿನ ಚಿತ್ರ ಬಿಡ್ಸಿಬಿಡಿ” ಎಂದು ಆತ ಉಪಕಾರ ಮಾಡಿದವನಂತೆ ಹೊರಟುಹೋದ.

ಮಧ್ಯಾಹ್ನ ಸ್ವಿಚ್ಚಪ್ಪ ಹೆಂಡತಿಗೆ ಫೋನು ಮಾಡಿದ. ಆಕೆ ಅದೇ ಕಚೇರಿಯಲ್ಲಿ ಟೇಪು ಕೊರೆಯುತ್ತಿದ್ದವಳು. ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ಇಬ್ಬರ ಸಂಬಂಧ ಕುದುರಿದ್ದೂ ಇದೇ ಯಂತ್ರದ ಮುಂದೆ. ಅವನು ಸಂಖ್ಯೆ ಹೇಳುವುದು, ಅವಳು ತಪ್ಪು ಹಿಡಿಯುವುದು. ಮದುವೆಯಾದ ಮೇಲೂ ವ್ಯವಸ್ಥೆ ಬದಲಾಗಲಿಲ್ಲ.

ಆಕೆ ಊಟದ ಡಬ್ಬಿಯೊಂದಿಗೆ ಬಂದು, ಕನ್ನಡಕ ಏರಿಸಿ, ಕೊರೆಯಲು ಕೂತಳು. ಚಿತ್ರ, ಸಲಹೆ, ತಾರೀಕು ಎಲ್ಲ ಪ್ರಿಂಟಾಗುವಷ್ಟರಲ್ಲಿ ಟೇಪು ನುಂಗಿದ ನಾಲ್ಕೇ ಸೆಕೆಂಡಿನಲ್ಲಿ ಏಳುತ್ತಿದ್ದ ಯಂತ್ರ ನಾಲ್ಕು ನಿಮಿಷ ಆಕಳಿಸತೊಡಗಿತು.

“ಸುಮ್ನೆ ಕೂತ್ರೆ ಕೆಟ್ಟೋಗಿದೆ ಅನ್ಕೋತಾರೆ,” ಮ್ಯಾನೇಜರು ಮತ್ತೆ ಇಣುಕಿದರು. “‘ದಯವಿಟ್ಟು ಕಾಯಿರಿ’ ಅಂತ ಹಾಕಿ. ನಡುನಡುವೆ ಹಾಕ್ತಾ ಇರಿ.”

ಇನ್ನು ಬಿಡಿಸಲು ಸಣ್ಣಪುಟ್ಟ ಮನೆ ಉಳಿದಿರಲಿಲ್ಲ. ಸ್ವಿಚ್ಚಪ್ಪ ಯಂತ್ರದ ಕೆಲಸಗಳ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಕೊನೆಗೆ ದೊಡ್ಡ ತುಂಡೊಂದಕ್ಕೆ ಪೆನ್ಸಿಲಿನಿಂದ ಗೀಟು ಎಳೆದ.

ಹೆಂಡತಿಯ ಕೈ ನಿಂತಿತು. “ರೀ, ಇದನ್ನಾ?”

“ಅರ್ಧ ಗಂಟೆ ಮಟ್ಟಿಗೆ ಕಣೇ. ಅವರು ಹೋದ ತಕ್ಷಣ ಹಳೇ ಟೇಪು ಓದಿಸಿದ್ರಾಯ್ತು.”

“ನಿಮ್ಮ ಅರ್ಧ ಗಂಟೆ ನಂಗೊತ್ತು” ಎನ್ನುತ್ತಲೇ ಆಕೆ ಕೊರೆದಳು.

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದರು. ಗಂಭೀರ ಮುಖದ, ನಡುವಯಸ್ಸಿನ ಹೆಂಗಸು. ಯಂತ್ರ ಸ್ವಾಗತಿಸಿತು, ತಾರೀಕು ಹೇಳಿತು, ಪಾಸ್‌ವರ್ಡ್ ಕೇಳಿತು, ಕಾಯಿರಿ ಎಂದಿತು. ಕಟಕಟನೆ ಒಂದು ಟ್ಯಾಂಕು ಕಟ್ಟಿತು. ಮತ್ತೆ ಕಾಯಿರಿ ಎಂದಿತು. ಅಧಿಕಾರಿಯ ಮುಖ ಅರಳುತ್ತ ಹೋಯಿತು.

“ಇದನ್ನ ಹಳೇದು ಅಂದೋರು ಯಾರ್ರೀ? ನಮ್ಮಲ್ಲಿರೋ ಹೊಸದೂ ಥೇಟ್ ಹೀಗೇ ಕಾಯಿಸುತ್ತೆ! ಇದು ಇಲ್ಲೇ ಇರ್ಲಿ.”

ಯಾರೂ ನೋಡದಾಗ ಸ್ವಿಚ್ಚಪ್ಪ ಯಂತ್ರದ ಪಕ್ಕೆಯನ್ನೊಮ್ಮೆ ಸವರಿದ.

“ಆದ್ರೆ ಒಂದು ಮಾತು,” ಅಧಿಕಾರಿ ಚೀಲದಿಂದ ಅರಗು ತೆಗೆದರು. “ಚೆನ್ನಾಗಿರೋದನ್ನ ಕೆದಕೋಕೆ ಜನಕ್ಕೆ ಕೈ ತುರಿಸುತ್ತೆ. ಇವತ್ತಿಂದ ಇದನ್ನ ಆರಿಸೋ ಹಾಗೂ ಇಲ್ಲ, ಇದರಲ್ಲಿ ಒಂದಕ್ಷರ ಬದಲಾಗೋ ಹಾಗೂ ಇಲ್ಲ. ಬದಲಾಗ್ಬೇಕಾದ್ರೆ ನಿಮ್ಮ ಕಚೇರಿ ಸಮಿತಿ ಒಪ್ಪಬೇಕು, ನಾನು ಸಹಿ ಹಾಕ್ಬೇಕು.”

“ಮೇಡಂ, ಒಂದೇ ಒಂದು ಟೇಪು ಓದಿಸೋದಿದೆ, ಹತ್ತು ನಿಮಿಷ...”

“ನೋಡಿ, ಆಗ್ಲೇ ತುರಿಸ್ತಿದೆ!” ಎಂದು ನಗುತ್ತ ಅವರು ಟೇಪು ಓದುವ ಬಾಯಿಗೂ ಸ್ವಿಚ್ಚುಗಳ ಮುಚ್ಚಳಕ್ಕೂ ಮುದ್ರೆ ಒತ್ತಿ, ಕಾರು ಹತ್ತಿದರು.

ಮ್ಯಾನೇಜರು ಸ್ವಿಚ್ಚಪ್ಪನ ಬೆನ್ನು ಚಪ್ಪರಿಸಿದರು. “ಗೆದ್ರಿ ಬಿಡಿ! ಐದಾಗ್ತಾ ಬಂತು. ಸಂಜೆ ನೀರು ಬಿಟ್ಕೊಳ್ಳುತ್ತಲ್ಲ?”

“ಇಲ್ಲ ಸಾರ್. ಅದನ್ನೇ ತೆಗೆದದ್ದು.”

“ಯಾವುದನ್ನ?”

“ವಾಲ್ವ್ ತೆರೆಯೋದನ್ನ.”

ಹೆಡ್ ಕ್ಲರ್ಕ್ ಸ್ಟೋರ್‌ಕೀಪರನ ಮುಖ ನೋಡಿದರು. ಸ್ಟೋರ್‌ಕೀಪರ್ ಸೂರು ನೋಡಿದ. ಮ್ಯಾನೇಜರ ಸ್ವರ ಸಣ್ಣದಾಯಿತು. “ಮತ್ತೆ... ಒಳಗೆ ಈಗ ಏನಿದೆ?”

“ನೀವು ಮೂವರು ಹೇಳಿದ್ದೆಲ್ಲ ಇದೆ ಸಾರ್.”

ಸಮಿತಿಯ ಸದಸ್ಯರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಮೂವರೂ ಅಲ್ಲೇ ನಿಂತಿದ್ದರು. ಅಧಿಕಾರಿಯ ಸಹಿ ಬರಬೇಕಾದರೆ ಮೂರು ತಿಂಗಳು.

ಸ್ವಿಚ್ಚಪ್ಪ ಹಿತ್ತಿಲ ಬಾಗಿಲು ತೆರೆದು ವಾಲ್ವುಗಳ ಸಾಲಿಗೆ ನಡೆದ. ಕೈಯಿಂದ ತಿರುಗಿಸುವ ಕಬ್ಬಿಣದ ಚಕ್ರಗಳು ಮೂವತ್ತೊಂದು ವರ್ಷದ ತುಕ್ಕು ಹೊದ್ದು ಮಲಗಿದ್ದವು. ಹಿಂದೆಯೇ ಚಪ್ಪಲಿಯ ಸದ್ದು.

“ಎಷ್ಟಿವೆ?” ಹೆಂಡತಿ ಕೇಳಿದಳು.

“ಹದಿನೇಳು.”

“ಒಂದಕ್ಕೆ ಎಷ್ಟು ಸುತ್ತು?”

“ನಲವತ್ತು. ಮುಚ್ಚೋಕೂ ನಲವತ್ತು. ನೀನು ಮನೆಗೆ ಹೋಗೇ, ಸೊಂಟ ಹಿಡ್ಕೊಳ್ಳುತ್ತೆ.”

ಆಕೆ ಕನ್ನಡಕ ತೆಗೆದು ಅವನ ಜೇಬಿಗೆ ಹಾಕಿ, ಚಕ್ರದ ಆ ಬದಿ ಹಿಡಿದಳು.

“ಎಣಿಸೋದು ನಾನು. ನಿಮ್ಮ ಎಣಿಕೇನ ಯಾವತ್ತು ನಂಬಿದೀನಿ? ಹೂಂ, ತಿರುಗ್ಸಿ. ಒಂದು...”