ದ್ವೀಪದವರು ಹಿಡಿದ ತಾಂಡೇಲ

ನೀರಿದ್ದ ಕಡೆ ನಾನು ಹೋದರೆ, ಕಾನೂನು ನನಗಿಂತ ಮೊದಲೇ ಹೋಗಿ ಕೂತಿರುತ್ತದೆ. ಜೀವಮಾನವಿಡೀ ಹೀಗೇ ಆಯಿತು. ಈಗ ಮುದಿ ಪ್ರಾಯದಲ್ಲಿ ಪರದೇಶದ ರೈಸ್‌ವೈಕ್ ಊರಿನಲ್ಲಿರುವ ಮಗಳ ಮನೆಗೆ ಬಂದರೂ ಬಿಟ್ಟಿಲ್ಲ. ಶಾಲೆ ಕಂಡವನಲ್ಲ ನಾನು. ಬಾಯಲ್ಲಿ ಹೇಳುತ್ತಾ ಹೋಗುತ್ತೇನೆ, ಫೋನು ಬರೆದುಕೊಳ್ಳುತ್ತದೆ. ಆದರೆ ಮಲ್ಪೆಯಿಂದ ಆಫ್ರಿಕಾದವರೆಗೆ ನನ್ನಂಥ ತಾಂಡೇಲ ಇರಲಿಲ್ಲ. ತಾಂಡೇಲ ಅಂದರೆ ಬೋಟು ನಡೆಸುವವ, ಎಲ್ಲರೂ ಅವನ ಮಾತು ಕೇಳಬೇಕು. ನೀರಿನ ಬಣ್ಣ ನೋಡಿ ಕೆಳಗಿರುವ ಮೀನಿನ ವಯಸ್ಸು ಹೇಳುತ್ತಿದ್ದೆ.

ಮಗಳು ಇಲ್ಲಿನ ಯುನಿವರ್ಸಿಟಿಯಲ್ಲಿ, ದ್ವೀಪದ ದೇಶಗಳು ಕಳ್ಳ ಮೀನುಗಾರರನ್ನು ಹೇಗೆ ಹಿಡಿಯುತ್ತವೆ ಅಂತ ಪುಸ್ತಕ ಬರೆಯುತ್ತಿದ್ದಾಳೆ. ಅದಕ್ಕೆ ತರಿಸಿದ ಹಳೆಯ ಕೋರ್ಟು ಕಾಗದಗಳಲ್ಲಿ ನಮ್ಮ ಬೋಟೂ ಸಿಕ್ಕಿತು. ತಪ್ಪು ಮಾಡಿದ ತಾಂಡೇಲ ಅಂತ ಅದರಲ್ಲಿ ನಮ್ಮ ಅಡುಗೆಯವನ ಹೆಸರಿತ್ತು. ಅದು ಸುಳ್ಳು. ತಾಂಡೇಲ ನಾನು. ಪುಸ್ತಕ ಅಚ್ಚಾಗುವ ಮೊದಲು ಅವನ ಹೆಸರು ತೆಗೆಸಬೇಕು ಅಂತ ನನಗೆ ಊಟ ಸೇರದಂತಾಯಿತು.

೧. ಕಾಲುವೆ

ಮನಸ್ಸು ಹಗುರಾಗಲಿ ಅಂತ ಗಾಳ ಹಿಡಿದು ಮನೆಯ ಹಿಂದಿನ ಕಾಲುವೆಗೆ ಹೋದೆ. ಮೋಡ, ಚಳಿ, ಬೂದಿ ಕಲಸಿದಂಥ ನೀರು. ನಾಲ್ಕು ಗಂಟೆ ಕೂತರೂ ಒಂದು ಮೀನೂ ಮುಟ್ಟಲಿಲ್ಲ. ಆ ದಿನ ಗಾಳಿ ಸರಿ ಇರಲಿಲ್ಲ. ಅಷ್ಟರಲ್ಲಿ ಸೈಕಲ್ಲಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಬಂದು, "ಮೆನೀರ್, ವಿಸ್‌ಪಾಸ್?" ಅಂದ. ಮೆನೀರ್ ಅಂದರೆ ಸ್ವಾಮಿ; ಮೀನು ಹಿಡಿಯಲು ಇಲ್ಲಿ ಪಾಸು ಬೇಕಂತೆ. ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಅಪ್ಪಾ, ಒಂದೂ ಮೀನು ಸಿಕ್ಕಿಲ್ಲ, ಸುಮ್ಮನೆ ಕೂತಿದ್ರು ಅಂತ ಹೇಳಲಾ? ಬಿಟ್ಟುಬಿಡ್ತಾರೆ," ಅಂದಳು.

ಆ ಮಾತನ್ನು ಒಪ್ಪಲು ನನ್ನಿಂದ ಆಗಲಿಲ್ಲ. "ಹನ್ನೆರಡು ಹಿಡಿದರು ಅಂತ ಹೇಳು," ಅಂದೆ.

"ಬಕೆಟ್ ಖಾಲಿ ಇದೆಯಲ್ಲ ಅಂತಿದಾರೆ."

"ಎಲ್ಲಾ ವಾಪಸು ನೀರಿಗೆ ಬಿಟ್ಟರು ಅನ್ನು."

ಹಿಡಿದ ಮೀನನ್ನು ವಾಪಸು ಬಿಡುವುದನ್ನು ಇಲ್ಲಿ ದೊಡ್ಡ ಗುಣ ಅಂತ ನೋಡುತ್ತಾರಂತೆ. ಇನ್‌ಸ್ಪೆಕ್ಟರ್ ನನ್ನ ಕೈ ಕುಲುಕಿ, ಮುಂದಿನ ಸಲ ಪಾಸು ತನ್ನಿ ಅಂದು ಹೋದ. ಕಾನೂನು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ಹಿಡಿಯದ ಮೀನಿಗೆ.

೨. ಹಗ್ಗ

ಸಂಜೆ ಮಗಳು ಲ್ಯಾಪ್‌ಟಾಪ್ ತೆರೆದು ಎದುರು ಕೂತಳು. "ದ್ವೀಪದ ಕಥೆ ಹೇಳಿ ಅಪ್ಪಾ. ನಿಜವಾದದ್ದು ಮಾತ್ರ."

ಮೊದಲು ಈ ಕಥೆ ಹೇಳಿದೆ. ಒಂದು ಸಣ್ಣ ದ್ವೀಪ, ಇಡೀ ದೇಶಕ್ಕೆ ಒಂದೇ ಕಾವಲು ಬೋಟು. ಅವರ ಗಡಿಯೊಳಗೆ ನಾವು ಬಲೆ ಬಿಟ್ಟಿದ್ದನ್ನು ನೋಡಿ ಅಟ್ಟಿಸಿಕೊಂಡು ಬಂತು. ಮೂರು ದಿನ ಓಡಿಸಿದೆ. ತಿಮಿಂಗಿಲಗಳು ಸರಿದು ನಮಗೆ ದಾರಿ ಬಿಟ್ಟವು. ಕಡೆಗೆ ಅವರ ಡೀಸೆಲ್ಲೇ ಮುಗಿಯಿತು. ಕುಡಿಯುವ ನೀರೂ ಇಲ್ಲದೆ ಅವರ ಆಫೀಸರ್ ಅಂಗಿ ಬಿಚ್ಚಿ ಬೀಸಿದ. ಸಾಯಲಿ ಅಂತ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಹಗ್ಗ ಕಟ್ಟಿ ಎಳೆದು ಅವರದೇ ಬಂದರಿಗೆ ಮುಟ್ಟಿಸಿದೆ. ಆಫೀಸರ್ ದಡಕ್ಕೆ ಹಾರಿ, ನನ್ನನ್ನು ತಬ್ಬಿಕೊಂಡು, ಥ್ಯಾಂಕ್ಯೂ ಹೇಳಿ, ಅರೆಸ್ಟ್ ಮಾಡಿದ.

ಯಾರು ಯಾರನ್ನು ಹಿಡಿದು ತಂದರು ಅಂತ ದಾಖಲೆಯಲ್ಲಿ ಬರೆಯಲಿಕ್ಕೆ ಅವರಿಗೆ ಎರಡು ದಿನ ಬೇಕಾಯಿತು.

೩. ಸಹಿ

ಆಮೇಲೆ ಹೇಳಿದ್ದು ಆ ಕೋರ್ಟು ಕಾಗದದ ಕಥೆ. ಅದು ಇನ್ನೊಂದು ದ್ವೀಪ. ಬೋಟು ಎಲ್ಲಿದೆ ಅಂತ ತೋರಿಸುವ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ಅವರ ಗಡಿ ದಾಟುವಾಗ ನಾನೇ ಅದನ್ನು ಆರಿಸಿದೆ. ಅಡುಗೆಯವ, "ಬೇಡ ಮಾರಾಯ, ಇವರು ಬಿಡುವ ಜನ ಅಲ್ಲ" ಅಂದ. ನಾನು ನಕ್ಕೆ. ಬೆಳಗಾಗುವಾಗ ಎರಡೂ ಪಕ್ಕದಲ್ಲಿ ಅವರ ಬೋಟು.

ದಡಕ್ಕೆ ಎಳೆದುಕೊಂಡು ಹೋಗಿ, ಅವರ ಆಫೀಸಿನಲ್ಲಿ ಒಂದು ಕಾಗದ ಇಟ್ಟು, ತಾಂಡೇಲ ಸಹಿ ಹಾಕಬೇಕು ಅಂದರು. ನನಗೆ ಬರುವುದು ಹೆಬ್ಬೆಟ್ಟು. ಹದಿನಾಲ್ಕು ಜನ ನನ್ನ ಕೈಕೆಳಗಿನವರು ನೋಡುತ್ತಿದ್ದಾರೆ. ಅಡುಗೆಯವ ಏಳನೇ ಕ್ಲಾಸು ಓದಿದವ, ಇಂಗ್ಲಿಷಿನಲ್ಲಿ ಸಹಿ ಹಾಕುತ್ತಾನೆ. "ನೀನೇ ತಾಂಡೇಲ ಅಂತ ಹಾಕು, ಮರ್ಯಾದೆ ಕೊಡುತ್ತಾರೆ," ಅಂದೆ. ಕೊಟ್ಟರು. ಕೋಳ ಮೊದಲು ಅವನಿಗೇ ತೊಡಿಸಿದರು.

ಬೋಟನ್ನು ದಡದಲ್ಲೇ ಸುಟ್ಟರು. ಉಳಿದ ನಮ್ಮನ್ನೆಲ್ಲ ವಾರದಲ್ಲಿ ಊರಿಗೆ ಕಳಿಸಿದರು. ಅವನು ಹನ್ನೊಂದು ತಿಂಗಳು ಒಳಗಿದ್ದ. ಅಷ್ಟರಲ್ಲಿ ಅವನ ತಾಯಿ ಹೋದಳು. ನಾನು ಮಾತ್ರ ಜೈಲು ಒಡೆದು ಈಜಿಕೊಂಡು ಬಂದೆ ಅಂತ ಊರಿಡೀ ಹೇಳಿಕೊಂಡು ತಿರುಗಿದೆ. ಆ ತಾಯಿಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕೂತಾಗಲೂ ಅದನ್ನೇ ಹೇಳಿದೆ, ಎರಡು ಶಾರ್ಕ್ ಸೇರಿಸಿ.

೪. ಸಾಕ್ಷಿ

"ಈಗ ಬರೆದುಕೋ," ಅಂದೆ ಮಗಳಿಗೆ. "ಆ ತಾಂಡೇಲ ನಾನು."

ಅವಳು ಟೈಪ್ ಮಾಡಲೇ ಇಲ್ಲ. "ಅಪ್ಪಾ, ಪ್ಲೀಸ್. ತಿಮಿಂಗಿಲ ದಾರಿ ಬಿಟ್ಟಿದ್ದೂ ನಿಮಗೇ, ಇದೂ ನೀವೇ. ಪ್ರೊಫೆಸರ್ ಎವಿಡೆನ್ಸ್ ಕೇಳ್ತಾರೆ."

ಚಿಕ್ಕವಳಿದ್ದಾಗ ನಾನು ಏನು ಹೇಳಿದರೂ ನಂಬುತ್ತಿದ್ದಳು. ಇದೊಂದನ್ನು ನಂಬಲಿಲ್ಲ.

ಅಡುಗೆಯವನೇ ಹೇಳಬೇಕು, ಬೇರೆ ದಾರಿಯಿಲ್ಲ. ಅವನು ಜೈಲಿನಿಂದ ಬಂದ ಮೇಲೆ ನಾವು ಮಾತಾಡಿದ್ದೇ ಇಲ್ಲ. ಮಗಳು ಹೇಗೋ ನಂಬರು ಹುಡುಕಿ ವಿಡಿಯೋ ಕಾಲ್ ಹಚ್ಚಿದಳು. ಅವನ ಮುಖ ಒಣಗಿ ಸಣ್ಣದಾಗಿತ್ತು, ಮೂಗಿಗೆ ಆಕ್ಸಿಜನ್ ಪೈಪು. ಮಂಚದ ಸುತ್ತ ಸೊಸೆಯಂದಿರು, ಮೊಮ್ಮಕ್ಕಳು. ನಾನು, "ತಪ್ಪಾಯಿತು ಮಾರಾಯ," ಅಂದೆ.

ಮಗಳು ಕೇಳಿದಳು, "ಮಾಮ, ಆ ದಿನ ತಾಂಡೇಲ ಯಾರು? ನಿಮ್ಮ ಹೆಸರು ತೆಗೆದುಬಿಡಲಾ?"

"ತೆಗೆಯುವುದಾ? ಎಂತಕ್ಕೆ?" ಉಸಿರು ಎಳೆದುಕೊಂಡು ಹೇಳಿದ. "ಊರಿಡೀ ನನ್ನನ್ನು ತಾಂಡೇಲರೇ ಅಂತ ಕರೆಯುವುದು. ಮೊಮ್ಮಗಳ ಮದುವೆ ಕಾಗದದಲ್ಲೂ ಹಾಗೇ ಉಂಟು. ಹನ್ನೊಂದು ತಿಂಗಳು ಕೂತು ಸಂಪಾದಿಸಿದ್ದು ಮಗಾ, ಕೊಡುವುದಿಲ್ಲ."

"ಹಾಗಾದರೆ ನಮ್ಮಪ್ಪ ಬೋಟಿನಲ್ಲಿ ಏನಾಗಿದ್ದರು?"

ಅವನು ಮೂಗಿನ ಪೈಪು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದ.

"ನಿನ್ನಪ್ಪನಾ? ಅಡುಗೆ ಮಾಡುತ್ತಿದ್ದ. ಅದೂ ಸಾರಿಗೆ ಉಪ್ಪು ಹಾಕಲಿಕ್ಕೆ ಮರೆಯುತ್ತಿದ್ದ."

ಮಗಳು ಅದನ್ನು ಹಾಗೇ ಟೈಪ್ ಮಾಡಿಕೊಂಡಳು. ಇದಕ್ಕೆ ಸಾಕ್ಷಿ ಇದೆಯಂತೆ.