ಬಾರದ ರೈಲಿಗೆ ನಾನು ಹೊಡೆದ ಗೂಟಗಳು

ನಮ್ಮ ಹುಣಸೂರಿಗೆ ರೈಲು ಬರುವುದಿಲ್ಲ, ಸರ್ವೆ ಬರುತ್ತದೆ. ಸರ್ವೆ ಬಂದಾಗಲೆಲ್ಲ ಏನಾದರೊಂದು ರಾಮಾಯಣ ಆಗದೆ ಹೋದದ್ದೇ ಇಲ್ಲ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಯಾಕೆಂದರೆ ಆ ಸರ್ವೆಗೆ ಗೂಟ ಹೊಡೆಯುವವನೇ ನಾನು. ಯಾವ ಎಂಜಿನಿಯರ್ ಬಂದರೂ ಹೊಲದ ಬದು, ಕಾಲುದಾರಿ, ಕಚ್ಚುವ ನಾಯಿ ಇರೋ ಮನೆ ಎಲ್ಲ ಗೊತ್ತಿರುವವನು ಅಂತ ಕೂಲಿಗೆ ನನ್ನನ್ನೇ ಕರೆಯುತ್ತಾರೆ. ಅವರು ಯಂತ್ರದೊಳಗೆ ಒಂದು ಕಣ್ಣಿಟ್ಟು ಕೈ ಆಡಿಸುತ್ತಾರೆ, ನಾನು ಗೂಟ ಹೊಡೆದು ಕೆಂಪು ಬಣ್ಣ ಬಳಿಯುತ್ತೇನೆ. ಮೈಸೂರಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಹೋಗುತ್ತದಂತೆ ಲೈನು. ನಮ್ಮಪ್ಪನೂ ಇದೇ ಲೈನಿಗೆ ಗೂಟ ಹೊಡೆದಿದ್ದ. ಮಹಾರಾಜರ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಸ್ವಂತ ರೈಲ್ವೆಯೇ ಇತ್ತು. ನಂಜನಗೂಡಿಗೆ ಹಾಕಿದರು, ಅರಸೀಕೆರೆಗೆ ಹಾಕಿದರು. ನಾವೇನು ಪಾಪ ಮಾಡಿದ್ದೆವೋ!

ನನ್ನ ಗೂಟ, ನನ್ನ ಸೈಟು

ಹಿಂದಿನ ಸಲದ ಸರ್ವೆ. ಹೊಲದ ಕಡೆಯಿಂದ ಕಳ್ಳಿಬೇಲಿ ನುಗ್ಗಿಕೊಂಡು ಬರುತ್ತಿದ್ದೆ. ಕಣ್ಣೆಲ್ಲ ಎಂಜಿನಿಯರ್ ಕೈ ಮೇಲೆ. "ಎಡಕ್ಕೆ ಬಾ, ಇನ್ನೂ ಎಡಕ್ಕೆ, ಹಾಂ, ಅಲ್ಲೇ ಹೊಡಿ" ಅಂದರು. ಸುತ್ತಿಗೆ ಎತ್ತಿ ಬಾರಿಸಿದೆ. ಅಷ್ಟರಲ್ಲಿ ಮಧ್ಯಾಹ್ನದ ಬುತ್ತಿ ಹಿಡಿದುಕೊಂಡು ಹೆಂಡತಿ ಬಂದಳು. ಬಂದವಳು ನಿಂತಲ್ಲೇ ನಿಂತಳು.

"ಏನ್ರೀ, ಈ ಸೈಟು ಯಾರ್ದು?"

ಆಗ ತಲೆ ಎತ್ತಿ ನೋಡಿದೆ. "ನಮ್ದೇ ಕಣೇ" ಅಂದೆ.

"ಗೂಟ?"

"ರೈಲ್ವೇದು."

"ಹೊಡ್ದೋರು?"

ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಎಂಜಿನಿಯರ್ ಬಂದು ಗೂಟ ಅಲ್ಲಾಡಿಸಿ ನೋಡಿ, "ಭೇಷ್! ಇವತ್ತು ಹೊಡೆದಿದ್ದರಲ್ಲೆಲ್ಲ ಇದೇ ಗಟ್ಟಿ" ಅಂದರು.

ಅವತ್ತಿಂದ ಪಂಚಾಯ್ತಿಯವರು ಮನೆ ಕಟ್ಟಲು ಲೈಸೆನ್ಸ್ ಕೊಡಲೇ ಇಲ್ಲ. ರೈಲು ಬರುತ್ತದಂತೆ! ನಾವಿರುವ ಬಾಡಿಗೆ ಮನೆಯ ಯಜಮಾನರಾದರೋ, "ಮಗಳ ಸಂಸಾರ ಬರ್ತಾದೆ, ಯುಗಾದಿ ಹೊತ್ಗೆ ಖಾಲಿ ಮಾಡ್ಬುಡಿ" ಅಂದುಬಿಟ್ಟಿದ್ದರು.

ಕೆ.ಆರ್. ನಗರದ ಭಾಮೈದ

"ನಿಮ್ಮ ಸೈಟಿಗೆ ರೈಲು ಬರಲ್ಲ ಅಂತ ಹತ್ತಿರದ ಸ್ಟೇಷನ್ನಿಂದ ಒಂದು ಪತ್ರ ತನ್ನಿ" ಅಂದ ಪಂಚಾಯ್ತಿ ಗುಮಾಸ್ತ. ಹತ್ತಿರದ ಸ್ಟೇಷನ್ ಅಂದರೆ ಕೆ.ಆರ್. ನಗರ. ಅದು ನನ್ನ ಹೆಂಡತಿಯ ತವರು. ಅವಳ ತಮ್ಮನಿಗೆ ತಮ್ಮೂರಲ್ಲಿ ರೈಲಿದೆ ಅಂತ ಎಷ್ಟು ಜಂಬ ಅಂದರೆ, ನಮ್ಮನೆಗೆ ಬಂದಾಗ ಬಸ್ಸಿಂದ ಇಳಿದವನೇ ಗಡಿಯಾರ ನೋಡಿಕೊಂಡು, "ಏನ್ ಭಾವ, ನಿಮ್ಮೂರ್ ರೈಲು ಓಯ್ತಾ?" ಅನ್ನುತ್ತಾನೆ. ಕಪಾಳಕ್ಕೆ ಎರಡು ಬಿಡೋಣ ಅನ್ನಿಸುತ್ತೆ.

ಅವನನ್ನೇ ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಅಲ್ಲಿಯ ಮಾಸ್ತರರು ಸಭ್ಯರು. "ಹುಣಸೂರಲ್ಲಿ ರೈಲೇ ಇಲ್ವಲ್ಲಪ್ಪ, ಇಲ್ಲದೆ ಇರೋ ರೈಲು ಬರಲ್ಲ ಅಂತ ನಾನು ಹೆಂಗೆ ಬರೆದುಕೊಡಲಿ?" ಅಂದರು. ಅದೂ ನಿಜವೇ.

ಬರಿಗೈಲಿ ಆಚೆ ಬಂದೆ. ಪ್ಲಾಟ್‌ಫಾರಮ್ಮಿನ ತುಂಬ ಜನ ಆಕಳಿಸುತ್ತ ಕೂತಿದ್ದರು. ರೈಲು ಲೇಟಂತೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಏನ್ಲಾ, ಮೀಸೆ ತಿರುವ್ತಿದ್ದೆ, ನಿಮ್ ರೈಲಿನ ಯೋಗ್ಯತೆ ಇಷ್ಟೇನಾ?" ಅಂದೆ.

ಅವನು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ: "ಲೇಟಾಗಕ್ಕೂ ರೈಲಿರ್ಬೇಕು ಕಣ್ ಭಾವ."

ಪಿರಿಯಾಪಟ್ಟಣದ ಅಜ್ಜಿ

ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಒಬ್ಬಳು ಅಜ್ಜಿ ಸೌದೆ ಸೀಳುತ್ತ ಕೂತಿದ್ದಳು. ಎಂಜಿನಿಯರ್ ನಕ್ಷೆ ನೋಡಿ, "ಅಜ್ಜೀ, ರೈಲು ನಿಮ್ಮ ಬ್ಯಾರನ್ ಒಳಗೇ ಹೋಗುತ್ತೆ" ಅಂದರು. ಅಜ್ಜಿ ಎದೆ ಬಡಿದುಕೊಳ್ಳುತ್ತಾಳೆ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಓಗ್ಲಿ ಬುಡಪ್ಪ," ಅಂದಳು ಅಜ್ಜಿ, "ಸೊಪ್ಪು ಬೇಯೋವಾಗ ಮಾತ್ರ ಬಾಗ್ಲು ತಗ್ಯಕಾಗಲ್ಲ. ಒಂದ್ ವಾರ ಆಚೆಲೇ ನಿಂತಿರಕ್ಕೇಳು."

ಎಂಜಿನಿಯರ್ ಬೆವರು ಒರೆಸಿಕೊಂಡು, "ಹೋದ ಸಲ ಇಲ್ಲಿ ಗೂಟ ಹೊಡೆದಿದ್ದರಲ್ಲ, ಎಲ್ಲಿ?" ಅಂತ ಕೇಳಿದರು.

"ಅಗೋ, ಮೇಕೆ ಕಟ್ಟಾಕಿವ್ನಿ. ಬಲು ಗಟ್ಟಿ ಗೂಟ ಕಣಪ್ಪ ನಿಮ್ದು." ಆಮೇಲೆ ನನ್ನ ಕಡೆ ತಿರುಗಿ, "ಮಗಾ, ಈ ಸಲ ಒಂದೆರಡು ಜಾಸ್ತಿ ಒಡಿ. ಅಸ ಕರ ಆಕದೆ, ಅದ್ನೂ ಕಟ್ಟಾಕ್ಬೇಕು" ಅಂದಳು.

ಕಾಕನಕೋಟೆ ಕಡೆಯ ವಿಲೇವಾರಿ

ನಡುವೆ ಎಚ್.ಡಿ. ಕೋಟೆ ಮೇಲೆ ಕೇರಳಕ್ಕೊಂದು ಲೈನು ಅಂತ ಎದ್ದಿತು. ಕಾಕನಕೋಟೆ ದಿಕ್ಕಿನ ಕಾಡಂಚಲ್ಲಿ ಇಡೀ ದಿನ ಬಗ್ಗಿ ಬಗ್ಗಿ ಗೂಟ ಹೊಡೆದೆ. ಕಾಡು ಕಾಯುವ ವಾಚರ್ ಒಬ್ಬ ಬೀಡಿ ಸೇದುತ್ತ, "ಇದು ಆನೆ ದಾರಿ ಕಣಣ್ಣ. ಅದ್ರದ್ದು ಸರ್ವೆ ಯಾವತ್ತೋ ಆಗೋಗದೆ" ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಒಂದು ಗೂಟವೂ ಇಲ್ಲ. ಆನೆ ಎಲ್ಲ ಕಿತ್ತು, ಒಂದು ಕಡೆ ಗುಡ್ಡೆ ಹಾಕಿ, ಮೇಲೆ ಲದ್ದಿಯನ್ನೂ ಹಾಕಿತ್ತು.

ನಾನು ಕಲ್ಲಿನ ಮೇಲೆ ಕುಸಿದು ಕೂತು ವಾಚರ್ ಹತ್ತಿರ ನನ್ನ ಗೋಳು ತೋಡಿಕೊಂಡೆ. ನನ್ನ ಸೈಟಿನ ಒಂದೇ ಒಂದು ಗೂಟ ತೆಗೆಸಿ ಅಂತ ಅರ್ಜಿ ಮೇಲೆ ಅರ್ಜಿ ಹಾಕಿ ಚಪ್ಪಲಿ ಸವೆದವು, ಒಬ್ಬನಾದರೂ ಉತ್ತರ ಬರೆಯಲಿಲ್ಲ ಅಂದೆ.

ಅವನು ಲದ್ದಿಯ ಕಡೆ ಕೈ ತೋರಿಸಿ, "ಇನ್ ಮ್ಯಾಲೆ ಅರ್ಜಿನ ಇದ್ರತ್ರನೇ ಆಕಣ್ಣ. ಒಂದೇ ರಾತ್ರೀಲಿ ವಿಲೇವಾರಿ, ಮ್ಯಾಲೆ ಸೀಲು ಬೇರೆ" ಅಂದ.

ಪಂಚಾಯ್ತಿಯಲ್ಲಿ ನನ್ನ ಹೆಂಡತಿ

ಯುಗಾದಿ ಹತ್ತಿರ ಬಂತು. ಸರ್ವೆಯೂ ಮತ್ತೆ ಬಂತು, ಈ ಸಲ ಡ್ರೋನು. ಹೊಸ ಎಂಜಿನಿಯರ್ ಮೊಬೈಲಲ್ಲಿ ನಕ್ಷೆ ತೋರಿಸಿ, "ನಿಮ್ಮ ಸೈಟಲ್ಲಿ ಈಗ ಹಳಿ ಬರಲ್ಲ" ಅಂದರು. ನಾನು ನಿಂತಲ್ಲೇ ಕುಣಿದುಬಿಟ್ಟೆ. "ಪ್ಲಾಟ್‌ಫಾರಂ ಬರುತ್ತೆ" ಅಂದರು.

ಮನೆಗೆ ಹೋಗಿ ಹೇಳಿದೆ. ಹೆಂಡತಿ ಪೆಟ್ಟಿಗೆಯಿಂದ ಸೈಟಿನ ಕಾಗದವನ್ನೆಲ್ಲ ತೆಗೆದು ಚೀಲಕ್ಕೆ ತುಂಬಿದಳು. ಮಾರನೆ ದಿನ ಕಾಗದದ ಚೀಲ ಕಂಕುಳಲ್ಲಿ ಇಟ್ಟುಕೊಂಡು ಪಂಚಾಯ್ತಿಗೆ ಹೊರಟಳು. ನಾನು ಹಿಂದೆ ಹಿಂದೆ ಹೋದೆ.

ಗುಮಾಸ್ತ ಹಳೇ ರಾಗವನ್ನೇ ತೆಗೆದ. "ಅಲ್ಲಿ ಪ್ಲಾಟ್‌ಫಾರಂ ಅಂತ ಇದೆ ಕಣಮ್ಮ, ಮನೆ ಕಟ್ಟಂಗಿಲ್ಲ."

"ಬುಡಿ, ಪ್ಲಾಟ್‌ಫಾರಮ್ಮೇ ಕಟ್ತೀವಿ. ಬರ್ಕಳಿ" ಅಂದಳು ಇವಳು. "ಅದ್ಕೂ ಸೂರಿರ್ತದೆ, ನಲ್ಲಿ ಇರ್ತದೆ, ಕಕ್ಕಸಿರ್ತದೆ. ನಮ್ಗೂ ಅಷ್ಟೇ ಬೇಕಾಗಿರದು."

"ಮಲಗೋದೆಲ್ಲಿ?" ಅಂದ ಅವನು, ಕಿಸಕ್ಕನೆ ನಗುತ್ತ.

"ವೇಟಿಂಗ್ ರೂಮು."

"ಅಡುಗೆ?"

"ಕ್ಯಾಂಟೀನು ಅಂತ ಬರ್ಕಳಿ."

ಕಚೇರಿಗೆ ಕಚೇರಿಯೇ ನಗತೊಡಗಿತು. ಇವಳು ಮೇಜಿನ ಮೇಲೆ ಕೈ ಬಡಿದಳು. "ನಗ್ತೀರಾ? ಯುಗಾದಿ ದಿನ ನನ್ ಪಾತ್ರೆ ಪಗಡೆ ಬೀದೀಲಿರ್ತವೆ. ಎರಡು ತಲೆಮಾರು ಗೂಟ ಒಡ್ದವ್ರೆ ಈ ಮನೇರು. ಆ ರೈಲಿನ ಕೂಗು ಯಾರಾದ್ರೂ ಕೇಳಿದ್ರೆ ಏಳಿ!" ಗುಮಾಸ್ತ ನಗು ನುಂಗಿಕೊಂಡು ಕಡತದೊಳಗೆ ತಲೆ ಹಾಕಿದ.

ಒಳಗಿದ್ದ ಅಧಿಕಾರಿ ಎದ್ದು ಬಂದರು. ಕಾಗದವನ್ನೆಲ್ಲ ತಿರುವಿ ನೋಡಿದರು. "ನೋಡಮ್ಮ, ಮೇಲಿನವರ ಹತ್ತಿರ ಮಾತಾಡಿ ತಾತ್ಕಾಲಿಕ ಲೈಸೆನ್ಸ್ ಕೊಡಿಸ್ತೀನಿ. ಆದರೆ ಷರತ್ತಿದೆ. ರೈಲು ಬಂದ ದಿನ ಮನೆ ಒಡೆದು ಜಾಗ ಬಿಡಬೇಕು. ಒಪ್ಪಿಗೆ ಇದ್ದರೆ ಸೈನ್ ಹಾಕಿ."

ನನಗೆ ಪಿತ್ತ ನೆತ್ತಿಗೇರಿತು. "ಇದ್ಯಾವ ನ್ಯಾಯ ಸಾರ್? ಒಡೆಯೋ ಮನೆ ಯಾರು ಕಟ್ತಾರೆ? ನಾವೇನು ತಗಡಿನ ಶೀಟು ಹೊದಿಸ್ಕೊಂಡು ಅದರ ಕೆಳಗೇ ಸಾಯ್ಬೇಕಾ?" ಅಂತ ಕೂಗಾಡಿದೆ.

ಹೆಂಡತಿ ನನ್ನ ಮೊಣಕೈ ಜಿಗುಟಿದಳು. ಪೆನ್ನು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಸೈನ್ ಹಾಕಿ, ಸೆರಗಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಸುಮ್ನಿರಿ ಸಾಕು. ರೈಲು ಬರೋಗಂಟ ಅಂದ್ರಲ್ಲ ಸಾಹೇಬ್ರು, ಶೀಟ್ಯಾಕೆ? ಆರ್‌ಸಿಸಿನೇ ಆಕ್ಸಿ. ಮೊಮ್ಮಕ್ಳಿಗೆ ಮ್ಯಾಲೊಂದು ಮಹಡಿ ಎತ್ತಕ್ಕೂ ಕಂಬಿ ಬುಡ್ಸಿ."